ಕೇಳದೆ ಕೊಟ್ಟ ಕಷಾಯ

ಅಂಗಡಿಯ ಬಾಗಿಲು ತೆಗೆಯುವುದೇ ಅಕ್ಕನಿಗೆ ಈಚೆಗೆ ದೊಡ್ಡ ಕೆಲಸವಾಗಿಬಿಟ್ಟಿತ್ತು. ಷಟರ್ ಅರ್ಧಕ್ಕೆ ಬಂದು ಕಚ್ಚಿಕೊಳ್ಳುತ್ತಿತ್ತು. ಅದಕ್ಕೆ ಭುಜ ಕೊಟ್ಟು ಮೇಲೆತ್ತಿ, ಒಳಗಿನ ಬೇರು, ತೊಗಟೆಗಳ ಘಾಟಿಗೆ ಒಂದು ಸೀನು ಸೀನುವಷ್ಟರಲ್ಲಿ ತಮ್ಮ ಬಂದು ನಿಂತಿರುತ್ತಿದ್ದ. ಗಿಡಮೂಲಿಕೆಯ ಆ ಅಂಗಡಿ ಅಪ್ಪನದು. ಅಪ್ಪ ಹೋದ ಮೇಲೆ ಅವಳ ಕೈಗೆ ಬಂತು. ಕೆಮ್ಮು, ಅಜೀರ್ಣ, ಮಂಡಿನೋವು ಎಂದು ಬರುವವರೆಲ್ಲ, ಅವಳಿಗಿಂತ ದೊಡ್ಡವರೂ ಕೂಡ, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಲು ನಿಜವಾದ ಹಕ್ಕಿದ್ದವನು ಮಾತ್ರ ಈ ಒಬ್ಬನೇ.

ತಮ್ಮ ಸಿಟಿ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವನ ಅಡ್ಡಹೆಸರು ‘ಬ್ರೇಕು’. ರಸ್ತೆಯಲ್ಲಿ ಪಾರಿವಾಳ ಕೂತಿದ್ದರೂ ಬಸ್ಸು ನಿಲ್ಲಿಸುವ ಆಸಾಮಿ. ಕರುಳಿನಲ್ಲಿ ಗಡ್ಡೆ ಕಂಡು, ಆಪರೇಷನ್ ಆಗಿ, ಈಗ ಕೀಮೋ ನಡೆಯುತ್ತಿತ್ತು. ಅವನ ಹೆಂಡತಿ ಕಾಲುಚೀಲದ ಕಾರ್ಖಾನೆಗೆ ಹೋಗಲೇಬೇಕು. ಇವನಿಗೆ ಮನೆಯಲ್ಲಿ ಒಬ್ಬನೇ ಇರಲು ದಿಗಿಲು. ಹಾಗಾಗಿ ಹಗಲೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮೂಟೆಗಳ ನಡುವೆ ಹಾಕಿದ ಮಂಚದ ಮೇಲೆ, ಪಕ್ಕದಲ್ಲೊಂದು ಬಕೆಟ್ ಇಟ್ಟುಕೊಂಡು ಬಿದ್ದಿರುತ್ತಿದ್ದ.

ಬಾಯಿ ತುಂಬ ಹುಣ್ಣು. ನೀರು ಕುಡಿದರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದಂತೆ. ಎರಡು ತುತ್ತು ಇಳಿದರೆ ನಾಲ್ಕು ತುತ್ತು ಈಚೆಗೆ. ಅಕ್ಕ ಹೊರಗೆ ಗಿರಾಕಿಗೆ ಪುಡಿ ಕಟ್ಟಿಕೊಡುತ್ತ, ಒಳಗೆ ಅವನು ಓಕರಿಸುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಒಳಗಿರುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು: “ನಿಮ್ಮ ಅಂಗಡಿ ಗೊತ್ತು ನಂಗೆ. ಏನೇ ಕೊಡೋದಿದ್ರೂ ಮೊದಲು ನನ್ನ ಒಂದು ಮಾತು ಕೇಳಿ. ಒಂದಕ್ಕೊಂದು ಆಗದೆ ಹೋದ್ರೆ ಕಷ್ಟ.” ಅಕ್ಕ ಕೇಳಿದ್ದಳು. ತೆಳುವಾದ ಶುಂಠಿ ನೀರು, ಬಾಯಿ ಮುಕ್ಕಳಿಸಲು ಉಪ್ಪುನೀರು, ಇಷ್ಟಕ್ಕೆ ಅವರು ಹೂಂ ಎಂದಿದ್ದರು. ಅಕ್ಕನೂ ಅಷ್ಟರಲ್ಲೇ ಇದ್ದಳು.

ತಮ್ಮನಿಗೆ ಅದು ಸಾಲಲಿಲ್ಲ.

“ಅಪ್ಪನ ಕಷಾಯ ಕೊಡೇ,” ಎಂದು ಶುರುವಿಟ್ಟುಕೊಂಡ.

ಅಪ್ಪನ ಕಷಾಯವೆಂದರೆ ಒಂದು ಬಳ್ಳಿಯ ಕಾಂಡ, ಎರಡು ಬಗೆಯ ಬೇರು, ಒಂದು ತೊಗಟೆ ಹಾಕಿ ಕಾಯಿಸಿ ಕಾಯಿಸಿ ಕಪ್ಪಗಾಗಿಸಿದ್ದು. ಜ್ವರದಲ್ಲಿ ಸೊರಗಿ ಎದ್ದವರಿಗೆ ಅಪ್ಪ ಅದನ್ನು ಕೊಡುತ್ತಿದ್ದ. ಕೀಮೋ ಹಾಕಿಸಿಕೊಂಡವರು ಅಪ್ಪನ ಬಳಿ ಬಂದದ್ದನ್ನು ಅವಳು ಕಂಡಿರಲಿಲ್ಲ.

“ಡಾಕ್ಟರಮ್ಮನ್ನ ಕೇಳಿ ಕೊಡ್ತೀನಿ ಕಣೋ.”

“ಅವರು ಬೇಡ ಅಂತಾರೆ.”

“ಬೇಡ ಅಂದ್ರೆ ಬೇಡ.”

“ಊರಿಗೆಲ್ಲ ಕೊಡ್ತೀಯ. ಒಡಹುಟ್ಟಿದವನಿಗೆ ಮಾತ್ರ ಕಾನೂನು ಹೇಳ್ತೀಯ!”

ದಿನವೂ ಇದೇ ರಾಗ. ಕೊನೆಗೊಂದು ಮಧ್ಯಾಹ್ನ, ಹೊರಗೆ ಒಬ್ಬಾಕೆ ತಲೆಹೊಟ್ಟಿನ ಎಣ್ಣೆಗಾಗಿ ಕೂಗುತ್ತಿದ್ದಾಗ, ಒಳಗೆ ತಮ್ಮ ಬಕೆಟ್ಟಿನ ಮೇಲೆ ಬಗ್ಗಿ, ಹೊಟ್ಟೆಯಲ್ಲಿ ಬರಲು ಏನೂ ಉಳಿದಿಲ್ಲದೆ ಬರಿದೇ ಓಕರಿಸಿ, ಅಳತೊಡಗಿದ. ಐವತ್ತು ದಾಟಿದ ಗಂಡಸು, ಚಿಕ್ಕವನಿದ್ದಾಗ ಅತ್ತ ಹಾಗೆಯೇ ಮೂಗು ಸುರಿಸಿಕೊಂಡು ಅತ್ತ. ಅಕ್ಕ ಮಾರನೆಯ ದಿನ ಕಷಾಯ ಕಾಯಿಸಿದಳು. ಯೋಚಿಸಿ ಕೊಟ್ಟಳು ಎನ್ನುವಂತಿಲ್ಲ, ಸಾಕಾಗಿ ಕೊಟ್ಟಳು.

ಕುಡಿದವನು ಮುಖ ಹಿಂಡಿಕೊಂಡ. ಆದರೆ ವಾಂತಿಯಾಗಲಿಲ್ಲ. ಸಂಜೆಗೆ ಒಂದು ಬಟ್ಟಲು ಗಂಜಿ ಕುಡಿದ. ಬಹಳ ದಿನಗಳ ಮೇಲೆ ಗೊರಕೆ ಹೊಡೆದ. ಆ ಗೊರಕೆ ಕೇಳುತ್ತ ಅಕ್ಕ ಗಲ್ಲಾದ ಹಿಂದೆ ಕೂತಲ್ಲೇ ತೂಕಡಿಸಿದಳು. ಅಲ್ಲಿಂದಾಚೆ ಕಷಾಯ ದಿನದ ರೂಢಿಯಾಯಿತು. ತಮ್ಮ ನಗುತ್ತಿದ್ದ, ಡಿಪೋದ ಸುದ್ದಿ ಹೇಳುತ್ತಿದ್ದ. ಡಾಕ್ಟರಮ್ಮನಿಗೆ ಮುಂದಿನ ಸಲ ಹೇಳಿದರಾಯಿತು ಎಂದು ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮುಂದಿನ ಸಲ ಅಕ್ಕ, ತಮ್ಮ, ಅವನ ಹೆಂಡತಿ ಮೂವರೂ ಆಸ್ಪತ್ರೆಗೆ ಹೋದರು. ಕೀಮೋಗೆ ಮೊದಲು ರಕ್ತ ಪರೀಕ್ಷೆ. ಡಾಕ್ಟರಮ್ಮ ಕಂಪ್ಯೂಟರ್ ನೋಡುತ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ನಿದ್ದೆಯಾದಂತಿರಲಿಲ್ಲ.

“ಲಿವರ್ ಹೆಚ್ಚುಕಮ್ಮಿ ಆಗಿದೆ. ಇವತ್ತು ಹಾಕೋಕಾಗಲ್ಲ. ಬೇರೆ ಏನಾದ್ರೂ ತಗೋತಿದ್ದೀರಾ?”

“ಇಲ್ಲ ಮೇಡಂ, ಏನಿಲ್ಲ,” ಎಂದ ತಮ್ಮ ಥಟ್ಟನೆ. ಮೇಜಿನ ಕೆಳಗೆ ಅಕ್ಕನ ಕಾಲನ್ನು ಕಾಲಿನಿಂದ ಒತ್ತಿದ.

ಅಕ್ಕ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. “ಕಷಾಯ ಕೊಟ್ಟಿದ್ದೀನಿ,” ಎಂದಳು. “ನಾನೇ ಕೊಟ್ಟೆ. ನಿಮ್ಮನ್ನ ಕೇಳ್ಲಿಲ್ಲ.”

ತಮ್ಮನ ಹೆಂಡತಿ ನಿಧಾನಕ್ಕೆ ತಿರುಗಿದಳು. “ಏನ್ ಅತ್ತಿಗೆ ಇದು? ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದ್ನಲ್ಲ ನಾನು.”

ಡಾಕ್ಟರಮ್ಮ ಕೂಗಾಡಲಿಲ್ಲ. ಅದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳಿದರು. “ಕಷಾಯದಿಂದಾನೇ ಆಯ್ತು ಅಂತ ಹೇಳೋಕಾಗಲ್ಲ. ಕೀಮೋ ಔಷಧೀನೂ ಹೀಗೆ ಮಾಡುತ್ತೆ. ಎರಡೂ ಒಟ್ಟಿಗೆ ಇದ್ರೆ ಯಾವುದು ಅಂತ ನಾನು ಹೇಗೆ ಹುಡುಕಲಿ? ನಿಲ್ಲಿಸಿ, ಕಾಯೋಣ. ವಾಂತಿ ಇಷ್ಟು ಇತ್ತು ಅಂತ ನಂಗೆ ಹೇಳ್ಬೇಕಿತ್ತು. ಮಾತ್ರೆ ಬದಲಾಯಿಸ್ತಿದ್ದೆ.”

ಮಾತ್ರೆ ಬದಲಾಯಿಸಬಹುದಿತ್ತು! ಅದು ಅಕ್ಕನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಓಕರಿಕೆ ಸಹಿಸಲೇಬೇಕಾದದ್ದು ಎಂದು ಮೂವರೂ ತಾವೇ ತೀರ್ಮಾನಿಸಿಕೊಂಡು ಕೂತಿದ್ದರು.

ಕಾಯುವ ವಾರಗಳು ಎಳೆದಷ್ಟೂ ಉದ್ದವಾದವು. ತಮ್ಮನ ಹೆಂಡತಿ ಅವನನ್ನು ಅಂಗಡಿಗೆ ಕಳಿಸಲಿಲ್ಲ; ತನ್ನ ತಂಗಿಯನ್ನು ಕರೆಸಿಕೊಂಡಳು. ಅಕ್ಕ ಹಿಂದಿನ ಕೋಣೆಯ ಮಂಚವನ್ನು ಮಡಚಲೂ ಇಲ್ಲ, ಅದರ ಮೇಲೆ ಕೂರಲೂ ಇಲ್ಲ. ಸಂಜೆ ಅಕ್ಕ ಫೋನ್ ಮಾಡಿದರೆ ತಮ್ಮನ ಹೆಂಡತಿ “ಇದ್ದಾರೆ” ಎಂದು ಹೇಳಿ ಇಟ್ಟುಬಿಡುತ್ತಿದ್ದಳು. ತಮ್ಮನಿಗೂ ಸಿಟ್ಟು. ಅವನ ಸಿಟ್ಟು ಬೇರೆಯದು: ನೀನ್ಯಾಕೆ ಬಾಯಿಬಿಟ್ಟೆ ಎಂದು.

ಲಿವರ್ ಸುಧಾರಿಸಿತು. ಕೀಮೋ ಮತ್ತೆ ಶುರುವಾಯಿತು, ಹೊಸ ಮಾತ್ರೆಯೊಂದಿಗೆ. ವಾಂತಿ ಪೂರ್ತಿ ನಿಲ್ಲಲಿಲ್ಲ, ಬಕೆಟ್ ಮಾತ್ರ ಮನೆಯ ಮಂಚದ ಕೆಳಗೆ ಸರಿಯಿತು. ಒಂದು ದಿನ ತಮ್ಮನ ಹೆಂಡತಿ ತಾನೇ ಫೋನ್ ಮಾಡಿ, “ಉಪ್ಪುನೀರಿಗೆ ಉಪ್ಪು ಎಷ್ಟು ಹಾಕ್ಬೇಕು ಅತ್ತಿಗೆ? ನನ್ನ ತಂಗಿ ಸಮುದ್ರ ಮಾಡಿಟ್ಟಿದ್ದಾಳೆ,” ಎಂದಳು. ಅಕ್ಕ ಹೇಳಿದಳು.

ಚಿಕಿತ್ಸೆ ಮುಗಿಯಿತು. ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ಕೀಮೋದಿಂದ ಬೆರಳ ತುದಿಗಳು ಜೋಮು ಹಿಡಿದೇ ಉಳಿದದ್ದರಿಂದ ತಮ್ಮನಿಗೆ ಸ್ಟೇರಿಂಗ್ ಸಿಗಲಿಲ್ಲ. ಡಿಪೋದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲಬೇಕೆಂದು ಕೂಗುವ ಕೆಲಸ ಕೊಟ್ಟರು. ಅಲ್ಲಿ ಕೂತು ಅವನು ಕಂಡಕಂಡವರಿಗೆಲ್ಲ, ತನ್ನನ್ನು ಉಳಿಸಿದ್ದು ಅಪ್ಪನ ಕಷಾಯವೇ ಎಂದು ಸಾರಿದ.

ಜನ ಅಂಗಡಿಗೆ ಬರತೊಡಗಿದರು. ಬೋಳುತಲೆಗೆ ಬಟ್ಟೆ ಸುತ್ತಿಕೊಂಡವರು, ತಾಯಿಯನ್ನು ತೋಳು ಹಿಡಿದು ಕರೆತಂದ ಮಕ್ಕಳು. ಅಕ್ಕ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು: ನಿಮ್ಮ ಡಾಕ್ಟರನ್ನ ಕೇಳಿ, ಆಮೇಲೆ ಬನ್ನಿ, ವಾಂತಿಯಾದರೆ ಅವರಿಗೆ ಹೇಳಿ. ಕೆಲವರು ಕೇಳಿದರು. ಕೆಲವರು ಅವಳನ್ನು ಕಲ್ಲೆದೆಯವಳು ಎಂದು ಬೈದುಕೊಂಡು ಹೋದರು.

ಅವಳು ಡಿಪೋಗೇ ಹೋಗಿ ತಮ್ಮನನ್ನು ಹಿಡಿದಳು. “ಯಾಕೋ ಹಿಂಗೆಲ್ಲ ಹೇಳ್ತೀಯ?”

“ನಾನು ಗಂಜಿ ಕುಡಿದಿದ್ದು ಸುಳ್ಳಾ? ನಿದ್ದೆ ಬಂದಿದ್ದು ಸುಳ್ಳಾ?”

“ಸುಳ್ಳಲ್ಲ.”

“ಮತ್ತೆ?”

ಆ ದಿನ ಅವನಿಗೆ ನಿದ್ದೆ ತಂದದ್ದು ಕಷಾಯದ ಬೇರೋ, ಅಪ್ಪನ ಹೆಸರೋ, ಅತ್ತು ಅತ್ತು ಬಂದ ಸುಸ್ತೋ ಎಂದು ಅಕ್ಕ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಳು. “ಗೊತ್ತಿಲ್ಲ ಕಣೋ,” ಎಂದಳು. “ಗೊತ್ತಿಲ್ದೇ ಇರೋದನ್ನ ಇನ್ನೊಬ್ಬರ ಹೊಟ್ಟೆಗೆ ಹಾಕೋ ತ್ರಾಣ ನಂಗಿಲ್ಲ. ಹೇಳೋದಾದ್ರೆ ಲಿವರ್ ಕಥೇನೂ ಸೇರಿಸಿ ಹೇಳು.”

ತಮ್ಮ ತನ್ನ ಜೋಮು ಬೆರಳುಗಳನ್ನು ಉಜ್ಜಿಕೊಂಡ. ಆಮೇಲೆ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆ ತಳ್ಳಿ, “ಕೂತ್ಕೋ ಮೊದಲು, ಮುಖ ನೋಡು ಹೆಂಗಾಗಿದೆ,” ಎಂದ.

ಅವಳು ಕೂತಳು.