ಕೊಂಡಿಯ ಮೆಟ್ಟಿಲು

ನಾನು ಒಂದು ಕಬ್ಬಿಣದ ಮೆಟ್ಟಿಲು. ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕಿಡಿಗಳ ನಡುವೆ ಕಣ್ಣು ಬಿಟ್ಟೆ. ಮೊದಲು ಹೋಗಿ ನಿಂತದ್ದು ಹತ್ತಿಯ ಗೋದಾಮಿನಲ್ಲಿ. ಹತ್ತಿಮೂಟೆ ಹೊತ್ತ ಹಮಾಲರು ಬೈಯುತ್ತ, ಹಾಡುತ್ತ ನನ್ನ ಮೇಲೆ ದಬದಬನೆ ಏರುತ್ತಿದ್ದರು. ಸದ್ದಿನಲ್ಲೇ ಬೆಳೆದವನು ನಾನು. ಗೋದಾಮು ಮುಚ್ಚಿದಾಗ ಗುಜರಿಗೆ ಬಿದ್ದೆ. ಅಲ್ಲಿಂದ ನನ್ನನ್ನು ಕೊಂಡು ತಂದವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ ವಿರೂಪಣ್ಣ.

ತಂದವನೇ ನನ್ನ ಕೈಹಿಡಿಕೆ ಕತ್ತರಿಸಿ ಹಗುರ ಮಾಡಿದ, ತಲೆಗೆ ಎರಡು ಕೊಂಡಿ ಬೆಸೆದು ಮಾಳಿಗೆಯ ಅಂಚಿಗೆ ತೂಗುಹಾಕಿದ. ನಾನು ದಂಗಾದೆ. ಒಂದೆಡೆ ಊರಿ ನಿಲ್ಲದ ಮೆಟ್ಟಿಲೂ ಉಂಟೇ?

ಕಾರಣ ಆಮೇಲೆ ತಿಳಿಯಿತು. ಆ ಬಡಾವಣೆಯ ಸಣ್ಣ ಪ್ಲಾಟುಗಳಲ್ಲಿ ಒಂದೇ ಸಂಸಾರ ಇರಬೇಕೆಂಬುದು ಸರಕಾರದ ಕಾಯಿದೆ. ಮಾಳಿಗೆಯ ಮೇಲೆ ಇನ್ನೊಂದು ಮನೆ ಕಂಡರೆ ಬೀಗ ಜಡಿಯುತ್ತಿದ್ದರು. ಆದರೆ ಬಡವರಿಗೆ ಕೈಗೆಟುಕುವ ಬಾಡಿಗೆ ಇದ್ದದ್ದು ಮಾಳಿಗೆಗಳ ಮೇಲೆಯೇ. ಹಾಗಾಗಿ ಓಣಿಯ ಮೆಟ್ಟಿಲುಗಳೆಲ್ಲ ಕೊಂಡಿಯವೇ. ಅಧಿಕಾರಿಗಳ ಗಾಡಿ ತಿರುವಿಗೆ ಬಂತೆಂದರೆ ಮೂಲೆಯ ಕಿರಾಣಿ ಅಂಗಡಿಯ ಶಟರ್ ಧಡ್ ಎನ್ನುವುದು. ಕೂಡಲೇ ನಮ್ಮನ್ನೆಲ್ಲ ಇಳಿಸಿ ಹಿತ್ತಲಿಗೆ ಎಳೆಯುವರು. ನನ್ನ ಮೇಲೆ ಒದ್ದೆ ಬಟ್ಟೆ ಹರವುವರು.

ನಮ್ಮ ಮಾಳಿಗೆಯಲ್ಲಿದ್ದವಳು ಮಾಬೂಬಿ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಒಬ್ಬಂಟಿ. ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನನ್ನನ್ನು ಏರುತ್ತಿದ್ದಳು, ಬೆಕ್ಕಿನಂತೆ. ಬಂದ ದಿನವೇ ವಿರೂಪಣ್ಣ ಅವಳಿಗೆ ಪಾಠ ಹೇಳಿದ್ದ: "ಸಾಹೇಬ್ರು ಬಂದಾಗ ಯಾರ ಕರದ್ರೂ ಓ ಅನಬ್ಯಾಡವ್ವಾ. ನಾನ ಕರದ್ರೂ ಅನಬ್ಯಾಡ."

ವರ್ಷಗಳು ಹೀಗೇ ಉರುಳಿದವು. ಒಂದು ದಿನ ಕಾಯಿದೆಯೇ ಬದಲಾಯಿತು. ಸಣ್ಣ ಪ್ಲಾಟಿನಲ್ಲೂ ಮಾಳಿಗೆಮನೆಗೆ ಒಪ್ಪಿಗೆ, ನಳ, ಕರೆಂಟು ಎಲ್ಲ ಬೇರೆ ಬೇರೆ. ಆದರೆ ಈಗ ಇರುವ ಮನೆಗಳನ್ನು ಬಂದು ಎಣಿಸುತ್ತಾರಂತೆ. ಎಣಿಕೆಗೆ ಸಿಗದ ಮನೆಯನ್ನು ಖಾಲಿ ಮಾಡಿಸುತ್ತಾರಂತೆ. ಪೇಪರಿನಲ್ಲಿದ್ದುದನ್ನು ವಿರೂಪಣ್ಣ ಓದಿ ಹೇಳಿದಾಗ ಮಾಬೂಬಿ ನನ್ನ ನಡುಮೆಟ್ಟಿಲ ಮೇಲೆ ಕುಸಿದು ಕುಳಿತಳು. "ಅಂದ್ರ ಇನ್ಮ್ಯಾಲೆ ಜೋರಾಗಿ ಕೆಮ್ಮಬಹುದೇನ್ ಕಾಕಾ?"

ಎಣಿಸಲು ಸೋಮವಾರ ಬರುತ್ತೇವೆಂದವರು ಶುಕ್ರವಾರವೇ ಬಂದುಬಿಟ್ಟರು. ಗಾಡಿ ಕಂಡದ್ದೇ ತಡ, ಶಟರ್ ಧಡ್ ಎಂದಿತು. ವಿರೂಪಣ್ಣನ ಕೈ ಅವನ ತಲೆಯನ್ನು ಕೇಳಲಿಲ್ಲ. ನನ್ನನ್ನು ಕೊಂಡಿಯಿಂದ ಬಿಡಿಸಿ ಹಿತ್ತಲಿಗೆ ಎಳೆದೇಬಿಟ್ಟ. ಒದ್ದೆ ಲುಂಗಿಯ ಕೆಳಗೆ ಬಿದ್ದುಕೊಂಡು ನಾನು ದಿಗಿಲಿನಿಂದ ಕೇಳಿಸಿಕೊಂಡೆ.

"ಮ್ಯಾಲೆ ಮನಿ ಐತೇನ್ರಿ?" ಎಂಜಿನಿಯರ್ ಮೇಡಂ ಕೇಳಿದರು.

"ಇಲ್ರಿ. ನೀರಿನ ಟಾಕಿ ಅಷ್ಟ."

ರೂಢಿಯ ಮಾತು ಬಾಯಿಂದ ಜಾರಿದ ಮೇಲೆ ವಿರೂಪಣ್ಣನಿಗೆ ಎಣಿಕೆಯ ನೆನಪಾಯಿತು. ತಡವರಿಸಿ, ಐತ್ರಿ ಮೇಡಂ, ಮನಿ ಐತಿ, ಒಬ್ಬಾಕಿ ಇದ್ದಾಳ ಎಂದ. ಮೇಡಂ ನಕ್ಕರು. "ನಿನ್ನಿ ಒಬ್ರು ಎಣಿಕಿಗೆ ಸೇರಸಾಕ ಪಾರಿವಾಳದ ಗೂಡು ತೋರ್ಸಿ ಮನಿ ಅಂದ್ರು. ನಿಮ್ದು ಮೆಟ್ಟಲೂ ಇಲ್ಲಲ್ರಿ. ಹಾರಿ ಹೋಗ್ತಾಳೇನು?"

ವಿರೂಪಣ್ಣ ಮೇಲೆ ನೋಡಿ ಕೂಗಿದ. ಮತ್ತೆ ಕೂಗಿದ. ಅವನೇ ಕಲಿಸಿದ ಪಾಠ ಅವಳ ಬಾಯಿ ಕಟ್ಟಿತ್ತು. ಈ ಓಣಿಗೆ ಮತ್ತೆ ಬರುವುದಿಲ್ಲ ಎನ್ನುತ್ತ ಮೇಡಂ ಹೊರಳಿದರು.

ಆಗ ವಿರೂಪಣ್ಣ ಹಿತ್ತಲಿಗೆ ಓಡಿ ಬಂದ. ಲುಂಗಿ ಕಿತ್ತೆಸೆದು, ಯಾವಾಗಲೂ ಬಚ್ಚಿಡುತ್ತಿದ್ದ ನನ್ನನ್ನು ಅಧಿಕಾರಿಗಳ ಕಣ್ಣೆದುರಿಗೇ ಎಳೆದು ತಂದು ನಿಲ್ಲಿಸಿದ. ಸವೆದ ಜಾಗಕ್ಕೆ ಕೊಂಡಿ ತಾನಾಗಿ ಕೂತಿತು. ನನ್ನ ಬುಡ ಹಿಡಿದು ನಿಂತು ಅವನು ಮೆಲ್ಲಗೆ ಹೇಳಿದ: "ಮಾಬೂಬಿ, ಅಂದು ನಾ ಹೇಳಿದ್ದು ಮರತುಬಿಡವ್ವಾ. ಇವತ್ತು ಓ ಅನ್ನು."

ಮೇಲೆ ಚಿಲಕ ಸರಿಯಿತು.

"ಅದೀನ್ರಿ," ಎಂದಳು ಮಾಬೂಬಿ. "ನಾ ಇಲ್ಲೇ ಅದೀನಿ."

ಪಕ್ಕದ ಮಾಳಿಗೆಯಿಂದ ಯಾರೋ ಗಟ್ಟಿಯಾಗಿ ಕೆಮ್ಮಿದರು. ಅದರಾಚೆಯಿಂದ ಇನ್ನೊಬ್ಬರು.

ಈಗ ನನಗೆ ವಯಸ್ಸಾಗಿದೆ. ಕೊಂಡಿಗಳನ್ನು ಕರಗಿಸಿ ಬೆಸೆದಿದ್ದಾರೆ, ಕಾಲು ಸಿಮೆಂಟಿನಲ್ಲಿದೆ. ಶಟರ್ ಧಡ್ ಎಂದರೆ ಈಗಲೂ ಬೆಚ್ಚುತ್ತೇನೆ, ಆದರೆ ಯಾರೂ ಎಳೆಯಲು ಬರುವುದಿಲ್ಲ. ಕಾಲು ಊರಿದ ಮರುದಿನ ಸಂಜೆ ನನ್ನ ಮೇಲೆ ಟಕ್ ಟಕ್ ಎಂದು ಸದ್ದಾಯಿತು. ಯಾರಪ್ಪಾ ಇದು, ಗೋದಾಮಿನ ಹಮಾಲರೇ ಬಂದರೇ ಎಂದು ಬೆರಗಾದೆ.

ಮಾಬೂಬಿ. ಚಪ್ಪಲಿ ಕಾಲಲ್ಲಿತ್ತು.