ಬಾನೆಟ್ಟಿನ ಮೇಲಿನ ಕಲೆ

ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆಗೆ, ಶಾಕೀರನ ವಾಶಿಂಗ್ ಸೆಂಟರ್ ಇದೆ. ಒಂದು ತಗಡಿನ ಶೆಡ್ಡು, ಒಂದು ಬೋರ್‌ವೆಲ್, ನೀರನ್ನು ರಭಸವಾಗಿ ಹೊಡೆಯುವ ಪಂಪು, ಕಾರು ಏರಿಸಿ ನಿಲ್ಲಿಸಲು ಸಿಮೆಂಟಿನ ಎರಡು ಕಟ್ಟೆ. ಕೊಲ್ಲಾಪುರದ ದೊಡ್ಡ ಗ್ಯಾರೇಜೊಂದರಲ್ಲಿ ಆರು ವರ್ಷ ಕಾರು ತೊಳೆದು, ಪಾಲಿಶ್ ಹಾಕಿ, ಕೈ ಪಳಗಿಸಿಕೊಂಡು ಬಂದವನು ಶಾಕೀರ. ಕಾರಿನ ಹೊರಗಿನ ಕೆಲಸ ಅವನದು, ಒಳಗಿನದು ಹೆಂಡತಿ ಯಾಸ್ಮಿನಳದು. ಸೀಟಿನ ಹೊಲಿಗೆಯಲ್ಲಿ ಸಿಕ್ಕಿಬಿದ್ದ ಶೇಂಗಾ ಸಿಪ್ಪೆ, ಎ.ಸಿ. ಕಿಂಡಿಯಲ್ಲಿ ಕೂತ ಧೂಳು, ಎಲ್ಲವನ್ನೂ ಆಕೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆದಕಿ ತೆಗೆಯುತ್ತಿದ್ದಳು.

ಕಾರಿನ ವಿಷಯದಲ್ಲಿ ಜನ ಎಷ್ಟು ನಾಜೂಕು ಎಂಬುದು ಈ ಕೆಲಸಕ್ಕೆ ಬಿದ್ದ ಮೇಲೆಯೇ ಇಬ್ಬರಿಗೂ ಗೊತ್ತಾದದ್ದು. ಬೇಡಕಿಹಾಳದ ಭಾವುಸಾಹೇಬರ ಮನೆಯ ಗೋಡೆ ಸುಣ್ಣ ಕಂಡು ಎಂಟು ವರ್ಷವಾಗಿತ್ತು, ಆದರೆ ಕಾರಿನ ಟಾಯರಿಗೆ ವಾರ ವಾರ ಕಪ್ಪು ಪಾಲಿಶ್ ಬೀಳಲೇಬೇಕು. ಕೊಗನೊಳ್ಳಿಯ ದುರಗಪ್ಪ ಚಪ್ಪಲಿಯನ್ನು ಡಿಕ್ಕಿಯಲ್ಲಿಟ್ಟು, ಕಾಲುಚೀಲ ಹಾಕಿಕೊಂಡು ಕಾರು ಹೊಡೆಯುತ್ತಿದ್ದ. ಇವರೆಲ್ಲರನ್ನೂ ಮೀರಿಸಿದವರು ಧನಪಾಲ ಕಾಕಾ.

ಕಾಕಾ ಮೂವತ್ತೈದು ವರ್ಷ ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ವಿಂಗಡಿಸುವ ಕೆಲಸ ಮಾಡಿದವರು. ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದರೆ ಸಾಕು, ಅದು ಯಾವ ದರ್ಜೆಯದು, ಎಷ್ಟು ದಿನ ಒಣಗಿದ್ದು, ಎಲ್ಲಿ ತೇವ ಉಳಿದಿದೆ ಎಂದು ಹೇಳುತ್ತಿದ್ದರು. ಅವರು ಹೂಂ ಎನ್ನುವವರೆಗೆ ಸಾಂಗಲಿಯ ವ್ಯಾಪಾರಿಗಳು ಕಾಯುತ್ತ ಕೂರುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಒಂದು ಬಿಳಿ ಕಾರು ಕೊಂಡರು, ಎಲೆ ನೋಡುತ್ತಿದ್ದ ಕಣ್ಣು ಅದರ ಮೇಲೆ ಬಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುವರು. ತಮ್ಮದೇ ಮೂರು ಬಟ್ಟೆ ತರುವರು, ಒಂದು ಗಾಜಿಗೆ, ಒಂದು ಮೈಗೆ, ಒಂದು ಗಾಲಿಗೆ. ಅದಲುಬದಲಾಗಬಾರದೆಂದು ಹೆಂಡತಿ ಉಜ್ವಲಾ ಕಾಕು ಅವುಗಳ ಅಂಚಿಗೆ ಬೇರೆ ಬೇರೆ ಬಣ್ಣದ ದಾರ ಹೊಲಿದಿದ್ದರು. ಬಟ್ಟೆ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಒಂದು ಕಾಳು ಮರಳು ಅಂಟಿದ್ದರೂ ಬಣ್ಣಕ್ಕೆ ಗೀರು ಬೀಳುತ್ತದೆ ಎಂಬುದು ಅವರ ವಾದ. ಉಜ್ವಲಾ ಕಾಕು ಕಾರು ಹತ್ತಬೇಕಾದರೆ ಎರಡೂ ಚಪ್ಪಲಿಗಳನ್ನು ನೆಲಕ್ಕೆ ಬಡಿದು ತೋರಿಸಿಯೇ ಹತ್ತಬೇಕಿತ್ತು.

ಅವರು ಬಂದರೆ ಒಂದೂವರೆ ತಾಸು ಹೋಗುತ್ತದೆಂದು ಶಾಕೀರ ಗೊಣಗುತ್ತಿದ್ದ. ಆದರೂ ಭಾನುವಾರ ಎಂಟು ದಾಟಿ ಐದು ನಿಮಿಷವಾದರೆ ಅವನ ಕಣ್ಣು ರಸ್ತೆಯ ಕಡೆಗೇ ಇರುತ್ತಿತ್ತು. ಉಳಿದವರು ಕಾರು ಹೊಳೆಯುತ್ತಿದೆ ಎಂದಷ್ಟೇ ನೋಡಿ ಹೋಗುವವರು. ಬಾಗಿಲ ಕೆಳಗಿನ ರಬ್ಬರನ್ನು ಎತ್ತಿ ಒಳಗೆ ಒರೆಸಿದ್ದನ್ನು ನೋಡಿ ತಲೆಯಾಡಿಸುವವರು ಕಾಕಾ ಒಬ್ಬರೇ.

ಕಬ್ಬಿನ ಹಂಗಾಮು ಶುರುವಾದ ಹೊಸತು. ಒಂದು ಭಾನುವಾರ ತೊಳೆದು ಒರೆಸಿ ಮುಗಿದ ಮೇಲೆ ಕಾಕಾ ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿದರು. ಬಾನೆಟ್ಟಿನ ಮುಂದೆ ನಿಂತುಬಿಟ್ಟರು.

"ಇಲ್ಲೊಂದು ಕಲೆ ಉಳದೈತಿ ನೋಡು," ಅಂದರು.

ಶಾಕೀರ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಎಲ್ಲಿ ಎಂದು ಕೇಳಿದ. ಎಡಗಡೆ ದೀಪದ ಮೇಲೆ, ಹುಣಸೆಬೀಜದಷ್ಟು, ಕಪ್ಪಗೆ ಎಂದರು. ರಸ್ತೆಯ ಡಾಂಬರು ಸಿಡಿದಿರಬಹುದೆಂದು ಶಾಕೀರ ಅವರು ತೋರಿಸಿದ ಜಾಗಕ್ಕೆ ಎಣ್ಣೆ ಹಚ್ಚಿ ಒರೆಸಿದ. ಇನ್ನೂ ಇದೆ ಅಂದರು. ಮತ್ತೆ ಒರೆಸಿದ. ಈಗ ಸ್ವಲ್ಪ ಸರಿದು ನಂಬರ್ ಪ್ಲೇಟಿನ ಮೇಲಕ್ಕೆ ಬಂದಿದೆ ಅಂದರು. ಶಾಕೀರ ಅಲ್ಲಿಯೂ ಒರೆಸಿದ. ಹೊರಗೆ ಮೂರು ಗಾಡಿ ಸಾಲು ಹಿಡಿದಿದ್ದವು, ಹಾರ್ನ್ ಬೇರೆ. ಐದನೆಯ ಸಲಕ್ಕೆ ಅವನ ತಾಳ್ಮೆ ಮುಗಿಯಿತು.

"ಕಾಕಾ, ಕಲೆ ಗಾಡಿ ಮ್ಯಾಲ ಇಲ್ರಿ. ನಿಮ್ಮ ತಲ್ಯಾಗ ಐತಿ," ಅಂದುಬಿಟ್ಟ.

ಧನಪಾಲರು ಮೂರು ಬಟ್ಟೆಗಳನ್ನು ಮಡಿಚಿಕೊಂಡರು, ಕಾರು ಹತ್ತಿ ಹೋದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ಶಾಕೀರನಿಗೆ ಒಳಗೊಳಗೇ ಇರುಸುಮುರುಸಾಯಿತು. ಅಷ್ಟು ದಿನದ ಗಿರಾಕಿಗೆ, ಅದೂ ತಂದೆಯ ವಯಸ್ಸಿನವರಿಗೆ, ಹಾಗೆ ಅನ್ನಬಾರದಿತ್ತು ಎಂದು ಯಾಸ್ಮಿನ ಎರಡು ದಿನ ಮುಖ ಬಿಗಿದುಕೊಂಡೇ ಇದ್ದಳು. ಆಮೇಲೆ ದುರಗಪ್ಪ ಸುದ್ದಿ ತಂದ. ಕಾಕಾ ಊರಿನ ಇನ್ನೊಂದು ಸೆಂಟರಿಗೆ ಹೋಗಿದ್ದರಂತೆ. ಅಲ್ಲಿಯೂ ಬಾನೆಟ್ಟಿನ ಮೇಲೆ ಕಲೆ ಉಳಿದಿದೆ ಎಂದು ತಕರಾರು. ಚಿಕ್ಕೋಡಿಯಲ್ಲೂ ಅದೇ. ಕಾಗವಾಡದ ಕಡೆ ಒಬ್ಬ ಚೆನ್ನಾಗಿ ತೊಳೆಯುತ್ತಾನೆಂದು ಕೇಳಿ ಅಲ್ಲಿಯ ತನಕ ಹೋಗಿ ಬಂದರಂತೆ. ದುರಗಪ್ಪ ನಗುತ್ತ ಹೇಳಿದ. ಶಾಕೀರನಿಗೆ ನಗು ಬರಲಿಲ್ಲ. ಒಂದು ಕಲೆಗಾಗಿ ಮನುಷ್ಯ ಕಾಗವಾಡಕ್ಕೆ ಹೋಗುವುದೆಂದರೇನು?

ಮೂರನೆಯ ಭಾನುವಾರ ಎಂಟು ಗಂಟೆಗೆ ಸರಿಯಾಗಿ ಬಿಳಿ ಕಾರು ಬಂದು ನಿಂತಿತು. ಕಾಕಾ ಸಿಟ್ಟಾದವರಂತೆ ಕಾಣಲಿಲ್ಲ, ದಣಿದಂತೆ ಕಂಡರು. ಕಾರನ್ನು ಕಟ್ಟೆಗೆ ಏರಿಸುವಾಗ ಎಡಗಡೆಯ ಗಾಲಿ ಒಂದು ಗೇಣು ತಪ್ಪಿತು. ಯಾವತ್ತೂ ಹಾಗಾದದ್ದಿಲ್ಲ. ಶಾಕೀರ ತಾನೇ ಹತ್ತಿ ಸರಿಪಡಿಸಿದ.

ಯಾಸ್ಮಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಬಿಳಿ ಕಪ್ಪಿನಲ್ಲಿ ಚಹಾ ಕೊಟ್ಟಳು. ಕಾಕಾ ಕಪ್ಪನ್ನು ದಿಟ್ಟಿಸಿ, ಬೆರಳ ತುದಿಯಿಂದ ಅದರ ಅಂಚನ್ನು ಒರೆಸಿದರು. ತಿರುಗಿಸಿ ಮತ್ತೆ ಒರೆಸಿದರು. ಇರುವೆ ಕೂತಿದೆಯೇ ಎಂದು ಯಾಸ್ಮಿನ ಬಗ್ಗಿ ನೋಡಿದಳು. ಕಪ್ಪು ಸ್ವಚ್ಛವಾಗಿತ್ತು. ಆಕೆ ಸದ್ದಿಲ್ಲದೆ ಗಂಡನ ಬಳಿ ಹೋಗಿ, ಪಂಪು ಬಂದ್ ಮಾಡಿಸಿ, ಕಂಡದ್ದನ್ನು ಹೇಳಿದಳು. ಆಕೆಯ ಅಜ್ಜಿ ಹಮೀದಾಬಿ ಕಣ್ಣು ಹೋಗುವ ಮುಂಚೆ ಅನ್ನದ ತಾಟಿನಲ್ಲಿ ಹೀಗೆಯೇ ಇಲ್ಲದ ಕೂದಲು ಹುಡುಕುತ್ತಿದ್ದಳಂತೆ.

ಶಾಕೀರ ಕೈ ಒರೆಸಿಕೊಂಡು ಬಂದು ಕಾಕಾನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಶೆಡ್ಡಿನ ಎದುರಿಗೆ ಹೊಸದಾಗಿ ಸುಣ್ಣ ಬಳಿದ ಕಂಪೌಂಡಿತ್ತು.

"ಕಾಕಾ, ಆ ಗ್ವಾಡಿ ಕಡೆ ನೋಡ್ರಿ. ಆ ಕಲೆ ಅಲ್ಲೂ ಕಾಣತೈತೇನ್ರಿ?"

ಧನಪಾಲರು ಗೋಡೆಯ ಕಡೆ ನೋಡಲೇ ಇಲ್ಲ. ಕಪ್ಪನ್ನು ಕೆಳಗಿಟ್ಟರು.

"ಕಾಣತೈತಿ," ಅಂದರು. "ಎಲ್ಲಾ ಕಡೆ ಕಾಣತೈತಿ. ಭಿತ್ತಿ ಮ್ಯಾಲ, ಅಂಗಿ ಮ್ಯಾಲ, ನಿಮ್ಮ ಕಾಕೂನ ಮುಖದ ಮ್ಯಾಲ ಸುದ್ದಾ. ನಂಗ ಗೊತ್ತೈತಿ ಶಾಕೀರ. ನಾಕು ವಾರ ಆತು."

"ಗೊತ್ತಿದ್ರ ಕಾಗವಾಡ ತನಕ ಯಾಕ ಹೋದ್ರಿ?"

ಧನಪಾಲರು ಕಟ್ಟೆಯ ಮೇಲಿನ ಕಾರಿನ ಕಡೆ ನೋಡಿದರು. ತೊಳೆದ ನೀರು ಕಟ್ಟೆಯಿಂದ ಇಳಿದು ಕಾಲುವೆಗೆ ಹರಿಯುತ್ತಿತ್ತು.

"ಯಾರರೆ ಒರಸಿ ತಗದಾರು ಅನಿಸ್ತು," ಅಂದರು. "ಗಾಡಿ ಮ್ಯಾಲಿಂದ ಹೋದ್ರ, ಕಣ್ಣಾಗ ಏನೂ ಇಲ್ಲ ಅಂತ ಆಗತಿತ್ತಲ್ಲ."

ಶಾಕೀರನಿಗೆ ಅವತ್ತು ತಾನು ಆಡಿದ ಮಾತು ನೆನಪಾಗಿ ತಲೆ ಎತ್ತಲಾಗಲಿಲ್ಲ. ಕಣ್ಣಿನಿಂದಲೇ ಬದುಕಿದ ಮನುಷ್ಯ, ಆ ಕಣ್ಣು ಕೈ ಕೊಟ್ಟಿದೆ ಎಂದು ಯಾರ ಮುಂದೆ ಹೇಳಿಕೊಂಡಾನು? ಮನೆಯಲ್ಲೂ ಹೇಳಿರಲಿಲ್ಲ. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇತ್ತು, ಗುಳಿಗೆ ಮಾತ್ರ ನೆನಪಾದಾಗ ನುಂಗುತ್ತಿದ್ದರು.

ಶಾಕೀರ ಅವತ್ತು ಉಳಿದ ಗಾಡಿಗಳನ್ನು ವಾಪಸು ಕಳಿಸಿದ. ಕಾಕಾನನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರದೇ ಕಾರಿನಲ್ಲಿ ಅವರ ಮನೆಗೆ ಹೋದ. ಬೇರೆಯವರ ಕೈಗೆ ಎಂದೂ ಸ್ಟೇರಿಂಗ್ ಕೊಡದ ಗಂಡ ಪಕ್ಕದ ಸೀಟಿನಲ್ಲಿ ಕೂತು ಬಂದದ್ದನ್ನು ಕಂಡಾಗಲೇ ಉಜ್ವಲಾ ಕಾಕುಗೆ ಏನೋ ಆಗಿದೆ ಎಂದು ತಿಳಿಯಿತು. ಎಲ್ಲ ಕೇಳಿದ ಮೇಲೆ ಅವರು ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ಗುಳಿಗೆಯ ಡಬ್ಬಿ, ಹಳೆಯ ಚೀಟಿಗಳು, ಎರಡು ದಿನಕ್ಕಾಗುವ ಬಟ್ಟೆ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದರು. ಕಾರು ಹತ್ತುವಾಗ ಚಪ್ಪಲಿ ಬಡಿಯಲಿಲ್ಲ. ಕಾಕಾ ಅದನ್ನು ನೋಡಿದರು, ನೋಡಿಯೂ ಹಿಂದಿನ ಸೀಟಿನಲ್ಲಿ ಅವರ ಪಕ್ಕಕ್ಕೆ ಬಂದು ಕೂತರು.

ಚಿಕ್ಕೋಡಿ ದಾಟಿ, ಕೃಷ್ಣಾ ನದಿಯ ಸೇತುವೆ ದಾಟಿ, ಕಾಗವಾಡದ ಮೇಲೆ ಹಾದು ಮಿರಜದ ಕಣ್ಣಿನ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಒಂದರ ಹಿಂದೆ ಒಂದು ಟ್ರಾಲಿ ಎಳೆದುಕೊಂಡು ರಸ್ತೆ ತುಂಬ ಕಬ್ಬಿನ ಒಣಗರಿ, ರವದಿ, ಚೆಲ್ಲುತ್ತಿದ್ದವು. ಒಂದು ಕಡೆ ಕೆಸರಿನ ಗುಂಡಿ ತಪ್ಪಿಸಲಾಗದೆ ಬಾಗಿಲಿನವರೆಗೂ ಕೆಂಪು ನೀರು ಸಿಡಿಯಿತು. ಶಾಕೀರ ಹೆದರಿ ಕನ್ನಡಿಯಲ್ಲಿ ನೋಡಿದ. ಹಿಂದಿನ ಸೀಟಿನಲ್ಲಿ ಉಜ್ವಲಾ ಕಾಕು ಗಂಡನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಕಾ ಕೆಸರಿನ ಮಾತೇ ಎತ್ತಲಿಲ್ಲ. ಗಾಡಿಯ ಹಿಂದಿನ ಸೀಟು ಇಷ್ಟು ಮೆತ್ತಗಿದೆ ಎಂದು ತಮಗೆ ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದಷ್ಟೇ ಅಂದರು.

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಸಕ್ಕರೆಯಿಂದಾಗಿ ಕಣ್ಣಿನ ಒಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ಇಳಿದಿದೆ, ಅದೇ ಕಪ್ಪು ಕಲೆಯಾಗಿ ಓಡಾಡುತ್ತಿದೆ ಎಂದರು. ಇನ್ನು ಎರಡು ತಿಂಗಳು ಬಿಟ್ಟಿದ್ದರೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ, ಈಗ ಉಳಿಸಬಹುದು ಎಂದರು. ಲೇಸರ್ ಆಯಿತು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಬರೆದರು. ತಾವು ಹೇಳುವವರೆಗೆ ಸ್ಟೇರಿಂಗ್ ಮುಟ್ಟಬಾರದು ಎಂದು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದರು.

ಆ ಮೂರು ತಿಂಗಳೂ ಭಾನುವಾರ ಬೆಳಿಗ್ಗೆ ಶಾಕೀರನೇ ಹೋಗಿ ಕಾಕಾನನ್ನೂ ಕಾರನ್ನೂ ಕರೆದುಕೊಂಡು ಬರುತ್ತಿದ್ದ. ಕಾಕಾಗೆ ಎಲ್ಲ ಮಬ್ಬು ಮಬ್ಬಾಗಿ ಕಾಣುತ್ತಿತ್ತು. ಕುರ್ಚಿಯಲ್ಲಿ ಕೂತು, ಪಂಪಿನ ಸದ್ದು ಕೇಳುತ್ತ, ನೊರೆಯ ವಾಸನೆ ಹಿಡಿಯುತ್ತ ಇರುತ್ತಿದ್ದರು. ನೋಡುವವರಿಲ್ಲ, ಈಗಲಾದರೂ ಅರ್ಧ ತಾಸಿನಲ್ಲಿ ಮುಗಿಸಬಹುದಲ್ಲ ಎಂದು ಯಾಸ್ಮಿನ ಗಂಡನನ್ನು ಚುಡಾಯಿಸಿದಳು. ಆದರೆ ಆ ಕಾರಿಗೆ ಈಗ ಎರಡು ತಾಸು ಹಿಡಿಯುತ್ತಿತ್ತು. ಮುಂದಿನ ಜಾಳಿಗೆಯ ಒಂದೊಂದು ಕಿಂಡಿಯನ್ನೂ ಬ್ರಶ್ಶಿನಿಂದ ಉಜ್ಜಿ, ಗಾಲಿಯ ನಟ್ಟುಗಳ ಸಂದಿಗೂ ಬಟ್ಟೆ ತೂರಿಸಿ ಒರೆಸುತ್ತಿದ್ದ. ಮುಗಿದ ಮೇಲೆ ಕಾಕಾನ ಕೈ ಹಿಡಿದು ಬಾನೆಟ್ಟಿನ ಮೇಲೆ ಇಡುತ್ತಿದ್ದ. ಕಾಕಾ ಅಂಗೈಯನ್ನು ನಿಧಾನವಾಗಿ ಉದ್ದಕ್ಕೆ ಸರಿಸುವರು. ಒಮ್ಮೆ ಮಾತ್ರ ಹಿಂದಿನ ಬಾಗಿಲ ಬಳಿ ತಡೆದು, ಇಲ್ಲಿ ಒಂದು ಕಾಳು ಕೂತಿದೆ ಅಂದರು. ಶಾಕೀರ ಉಗುರಿನಿಂದ ತಡವಿ ನೋಡಿದ. ಕೂತಿತ್ತು.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಮಿರಜಕ್ಕೆ ಹೋದಾಗಲೆಲ್ಲ ಶಾಕೀರನ ಕೆಲಸ ಕೆಡುತ್ತದೆ ಎಂದು ಉಜ್ವಲಾ ಕಾಕು ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಹೆಸರು ಹಚ್ಚಿದರು. ಐವತ್ತೊಂಬತ್ತನೆಯ ವಯಸ್ಸು. ಮುಚ್ಚಿದ ಹಳೆಯ ವಖಾರದ ಹಿಂದಿನ ಬಯಲಿನಲ್ಲಿ ದಿನಾ ಬೆಳಿಗ್ಗೆ ಸುತ್ತು ಹೊಡೆದು ಲೈಸೆನ್ಸ್ ಪಡೆದರು. ಮೂರನೆಯ ಇಂಜೆಕ್ಷನ್ನಿಗೆ ಗಂಡನನ್ನು ಅವರೇ ಕರೆದುಕೊಂಡು ಹೋಗಿ ಬಂದರು. ಬರುವಾಗ ಮನೆಯ ಗೇಟಿಗೆ ಬಾಗಿಲು ಉಜ್ಜಿ ಒಂದು ಗೇಣುದ್ದ ಗೀರು ಬಿತ್ತು.

ಮುಂದಿನ ಭಾನುವಾರ ಗಂಡಹೆಂಡತಿ ಇಬ್ಬರೂ ಬಂದರು. ಉಜ್ವಲಾ ಕಾಕು ಕಾರನ್ನು ಸೀದಾ ಕಟ್ಟೆಗೆ ಏರಿಸಿ ನಿಲ್ಲಿಸಿದರು. ಧನಪಾಲರ ಬಲಗಣ್ಣು ಪೂರ್ತಿ ತಿಳಿಯಾಗಿತ್ತು, ಎಡಗಣ್ಣಿನಲ್ಲಿ ಸ್ವಲ್ಪ ಮಬ್ಬು ಉಳಿದಿತ್ತು. ಡಾಕ್ಟರು ಗಾಡಿ ಹೊಡೆಯಲು ಒಪ್ಪಿದ್ದರೂ ಅವರೇ ಬೇಡವೆಂದಿದ್ದರು. ಗೀರನ್ನು ಶಾಕೀರ ನೋಡಿದ. ಎರಡು ತಾಸು ಕೊಟ್ಟರೆ ಉಜ್ಜಿ, ಪಾಲಿಶ್ ಹಾಕಿ, ಗುರುತೇ ಸಿಗದಂತೆ ಮಾಡುವೆ ಎಂದು ಕಾಕಾಗೆ ಮೆಲ್ಲಗೆ ಹೇಳಿದ.

ಕಾಕಾ ಗೀರಿನ ಮುಂದೆ ಬಗ್ಗಿ, ಕನ್ನಡಕ ಏರಿಸಿ, ಎಲೆ ನೋಡಿದಂತೆ ಬಹಳ ಹೊತ್ತು ನೋಡಿದರು.

"ಬ್ಯಾಡ, ಇರ್ಲಿ ಬಿಡು," ಅಂದರು. "ತಗದ್ರ, ಆಕಿ ಇನ್ನೊಂದ ಹೊಡೀತಾಳ. ಇದೊಂದ ಇದ್ರ ನೆನಪಿಟ್ಟು ಗಾಡಿ ಹೊಡೀತಾಳ."

ಉಜ್ವಲಾ ಕಾಕು ಕೇಳಿಸಿಕೊಂಡೂ ಕೇಳಿಸದವರಂತೆ ಇದ್ದರು. ತೊಳೆದು ಮುಗಿಯುವಷ್ಟರಲ್ಲಿ ಅವರು ಯಾಸ್ಮಿನಳ ಜೊತೆ ಏನೋ ಮಾತಾಡಿಕೊಂಡಿದ್ದರು. ಬೇಡಕಿಹಾಳದಲ್ಲಿ ಅವರ ತಂಗಿಯ ಮನೆ. ಅಲ್ಲಿ ಹೊಸ ಬೆಲ್ಲ ತೆಗೆದಿದ್ದರು. ಹೋಗಿ ತರೋಣ, ನೀನೂ ಬಾ ಎಂದು ಕರೆದಿದ್ದರು. ಯಾಸ್ಮಿನ ಕೈ ತೊಳೆದು, ದುಪಟ್ಟಾ ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತಳು.

"ಸಾವಕಾಶ ಹೋಗ್ರಿ," ಎಂದಷ್ಟೇ ಕಾಕಾ ಹೆಂಡತಿಗೆ ಹೇಳಿದರು.

ಕಾರು ಕಟ್ಟೆಯಿಂದ ಇಳಿದು ರಸ್ತೆಗೆ ಹತ್ತಿತು. ನೀರು ಇನ್ನೂ ಗಾಲಿಗಳಿಂದ ಇಳಿಯುತ್ತಿತ್ತು. ಬೇಡಕಿಹಾಳದ ಹೊಲದ ದಾರಿಯಲ್ಲಿ ಮೊಣಕಾಲುದ್ದ ಧೂಳು ಇರುತ್ತದೆಂದು ಕಾಕಾಗೂ ಶಾಕೀರನಿಗೂ ಗೊತ್ತಿತ್ತು. ತಿರುವಿನಲ್ಲಿ ಕಾರು ಮರೆಯಾಗುವವರೆಗೆ ಇಬ್ಬರೂ ನೋಡುತ್ತ ನಿಂತರು. ಆಮೇಲೆ ಶಾಕೀರ ಇನ್ನೊಂದು ಕುರ್ಚಿ ತಂದು ಕಾಕಾನ ಕುರ್ಚಿಯ ಪಕ್ಕ ಹಾಕಿ ತಾನೂ ಕೂತ.