ಚಕ್ರವರ್ತಿಯ ನೆಲಮಾಳಿಗೆ

ಎಪ್ಪತ್ತನಾಲ್ಕನೇ ಇಸವಿಯಲ್ಲಿ ನ್ಯೂಯಾರ್ಕ್ ಹತ್ತಿರದ ಜೆರಿಕೋದಲ್ಲಿ ಮನೆ ಕೊಂಡಿದ್ದೇ ತಡ, ಡಾಕ್ಟರ್ ಚಂದ್ರಶೇಖರಪ್ಪನವರನ್ನು ಹಿಡಿಯುವವರೇ ಇರಲಿಲ್ಲ. ಮುಂಬಾಗಿಲಿಗೆ ಎರಡು ಬಿಳಿ ಕಂಬ. ಬಡಿದು ನೋಡಿದರೆ ಟೊಳ್ಳು. ಬಂದವರನ್ನು ಬಚ್ಚಲುಮನೆಗೂ ಕರೆದೊಯ್ದು, ಅವರು ನಲ್ಲಿ ತಿರುಗಿಸಿ 'ಅಬ್ಬಾ' ಅನ್ನುವವರೆಗೆ ಬಿಡುತ್ತಿರಲಿಲ್ಲ. ನೋಡಿ ನೋಡಿ ಹೆಂಡತಿ ಶೈಲಮ್ಮನಿಗೆ ಹೇಸಿಗೆ ಹುಟ್ಟಿತ್ತು.

ಅವಳ ಸಂಕಟವೇ ಬೇರೆ. ಮೇಲಿನ ಅಡುಗೆಮನೆ ಫಳಫಳ ಹೊಳೆಯುತ್ತಿತ್ತು, ಆದರೆ ಅಲ್ಲಿ ಒಗ್ಗರಣೆ ಹಾಕುವಂತಿಲ್ಲ. ಪರದೆಗೆ ವಾಸನೆ ಹಿಡಿಯುತ್ತದಂತೆ, ಆಸ್ಪತ್ರೆಯ ಬಿಳಿಯರು ಬಂದರೆ ಮೂಗು ಮುಚ್ಚುತ್ತಾರಂತೆ. ಅಡುಗೆಯೆಲ್ಲ ಕೆಳಗೆ ಬೇಸ್‌ಮೆಂಟಿನಲ್ಲಿ, ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕದ ಹಳೆಯ ಒಲೆಯ ಮೇಲೆ. ಮೇಲೆ ಬೆಳಕಿನಲ್ಲಿ ಅಡುಗೆ ಮಾಡುತ್ತೇನೆಂದು ಕೇಳಿ ಕೇಳಿ ಅವಳ ಬಾಯಿ ಸೋತಿತ್ತು.

ಆ ಭಾನುವಾರ ನಾಲ್ಕು ಕನ್ನಡ ಸಂಸಾರಗಳು ಊಟಕ್ಕೆ ಬಂದಿದ್ದವು. ಮ್ಯಾನ್‌ಹಟನ್ನಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಗುರುರಾಜರು ಇಟಲಿಯಿಂದ ತಂದ ಸ್ಲೈಡ್ ತೋರಿಸಿದರು. ರೋಮಿನ ಹತ್ತಿರ ಟಿವೋಲಿಯಲ್ಲಿ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಊರಾಚೆಯ ಅರಮನೆ: ಕೊಳ, ಸ್ನಾನಗೃಹ, ಎಲ್ಲಿ ನೋಡಿದರೂ ಅಮೃತಶಿಲೆ. ಆ ಪುಣ್ಯಾತ್ಮ ಸತ್ತಿದ್ದು ಬೇರೆಲ್ಲೋ. ಶಿಲೆಯನ್ನು ಆಮೇಲಿನವರು ಕಿತ್ತುಕೊಂಡು ಹೋದರು, ಸುಟ್ಟು ಸುಣ್ಣವನ್ನೂ ಮಾಡಿಕೊಂಡರು. ಡಾಕ್ಟರಿಗೆ ಆ ಭಾಗ ಕೇಳಿಸಿದಂತೆ ಕಾಣಲಿಲ್ಲ.

"ಇದು ನೆಲದಡಿಯ ಸುರಂಗ," ಎಂದರು ಗುರುರಾಜರು. "ಕೆಲಸದವರು ಇದರಲ್ಲೇ ಓಡಾಡಬೇಕಿತ್ತು. ದೊರೆಗಳ ಕಣ್ಣಿಗೆ ಬೀಳಬಾರದು ನೋಡಿ."

ಡಾಕ್ಟರು ತೊಡೆ ತಟ್ಟಿಕೊಂಡರು. "ಕೇಳಿದಿರೇನು? ನಂದೂ ಅದೇ ಐಡಿಯಾ! ಅಡಿಗಿ ಕೆಳಗ, ಮ್ಯಾಲೆ ವಾಸನಿ ಸುಳಿವಿಲ್ಲ. ಎಂಪರರ್ ತಲಿ, ನನ್ನ ತಲಿ ಎರಡೂ ಒಂದೇ!"

ಎಲ್ಲರೂ ನಕ್ಕರು. ಬಜ್ಜಿಯ ತಟ್ಟೆ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲು ಹತ್ತಿ ಬಂದಿದ್ದ ಶೈಲಮ್ಮ ಬಾಗಿಲಲ್ಲೇ ನಿಂತಳು.

"ಆ ಕೆಳಗಿದ್ದವರು ಯಾರ್ರಿ ಸರ?"

ಗುರುರಾಜರು ಗಂಟಲು ಸರಿಮಾಡಿಕೊಂಡರು. "ಗುಲಾಮರು, ಶೈಲಮ್ಮನವರೇ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಚಕ್ರವರ್ತಿಗಾದರೂ ಒಂದು ರಾಜ್ಯವಿತ್ತು. ಈ ಮನುಷ್ಯನಿಗೆ ಇದ್ದದ್ದು ಒಂದು ಪರದೆ. ತಟ್ಟೆಯನ್ನು ಅಲ್ಲೇ ಇಟ್ಟು ಕೆಳಗಿಳಿದಳು. ಸಾರಿನ ಪಾತ್ರೆ, ಒಗ್ಗರಣೆ ಸೌಟು, ಸಾಸಿವೆ, ಮೆಣಸಿನಕಾಯಿ ಎಲ್ಲ ಹೊತ್ತು ತಂದು ಮೇಲಿನ ಒಲೆ ಹಚ್ಚಿದಳು. ಸಾಸಿವೆ ಚಟಪಟ ಸಿಡಿಯಿತು. ಮೆಣಸಿನಕಾಯಿ ಘಾಟು ಹಜಾರಕ್ಕೆ ನುಗ್ಗಿ ಗುರುರಾಜರೂ ಕೆಮ್ಮತೊಡಗಿದರು.

"ಶೈಲಾ! ಕರ್ಟನ್!" ಎಂದು ಡಾಕ್ಟರು ಓಡಿ ಬಂದರು.

ಅವಳು ತಿರುಗಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇನ್ನ ಮುಂದ ಅಡಿಗಿ ಇಲ್ಲೇರಿ. ಘಾಟು ತಡೀಲಿಕ್ಕೆ ಆಗೂದಿಲ್ಲ ಅಂದ್ರ ನೀವು ಕೆಳಗ ಹೋಗಿ ಕುಂದರ್ರಿ. ಊಟದ ಹೊತ್ತಿಗೆ ಕರೀತೀನಿ."